ಓದುಗರ ಪ್ರಶ್ನೆ: ಜರ್ಮನ್ ಪಾದ್ರಿಗಳು ಕಟ್ಟಿದ ಕ್ರೈಸ್ತ ಸಭೆ ಅಂದಮೇಲೆ ಮಂಗಳೂರಿನ ಬಲ್ಮಠದ ಚರ್ಚಿನವರು ಲೂಥರನ್ನರಲ್ಲವೇ?

“ನಮ್ಮಜ್ಜಿ ಕಲಿತದ್ದು ಮಂಗಳೂರಿನ ಮಿಷನ್ ಶಾಲೆಯಲ್ಲಿ. ಅದನ್ನು ಜರ್ಮನಿಯ ಪಾದ್ರಿಗಳ ಶಾಲೆ ಅನ್ನುತ್ತಿದ್ದರು. ಜರ್ಮನಿ ಅಂದರೆ ಮಾರ್ಟಿನ್ ಲೂಥರ್‌ನ ನಾಡು. ಹಾಗಾದರೆ ಅವರು ಲೂಥರನ್ನರು ತಾನೇ? ಮತ್ತೆ ಬಲ್ಮಠದ ಚರ್ಚಿನ ಬೋರ್ಡಿನಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಅಂತ ಯಾಕಿದೆ?”

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕರಾವಳಿಯಲ್ಲಿ ಕ್ರೈಸ್ತರು ಅಂದಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಕೊಂಕಣಿ ಮಾತಾಡುವ ಕೆಥೊಲಿಕರು. ತುಳು ಮಾತಾಡುವ, ಸೋನ್ಸ್, ಅಮ್ಮನ್ನ, ಜತ್ತನ್ನ, ಕರ್ಕಡ ಅಂತ ಹೆಸರಿರುವ ಪ್ರೊಟೆಸ್ಟೆಂಟರ ಬಗ್ಗೆ ಪಕ್ಕದ ಮನೆಯವರಿಗೂ ಅಷ್ಟಾಗಿ ಗೊತ್ತಿರುವುದಿಲ್ಲ. “ಬಾಸೆಲ್ ಮಿಷನ್ನವರು” ಅಂದರೆ ಮಾತು ಮುಗಿಯಿತು. ಆ ಬಾಸೆಲ್ ಎನ್ನುವ ಊರಿನಲ್ಲೇ ಇರುವುದು ನಿಮ್ಮ ಪ್ರಶ್ನೆಯ ಗಂಟು.

ಚುಟುಕಾಗಿ ಹೇಳುವುದಾದರೆ, ಹೆಸರಿನಲ್ಲಿ ಅವರು ಎಂದೂ ಲೂಥರನ್ನರಲ್ಲ. ಸಾಕಿ ಬೆಳೆಸಿದ ರೀತಿ ನೋಡಿದರೆ ಬಹುಮಟ್ಟಿಗೆ ಲೂಥರನ್ನರೇ. ಅದರ ಗುರುತು ಬೇಕಿದ್ದರೆ ಚರ್ಚಿನ ಬೋರ್ಡು ಬಿಟ್ಟು ಪಕ್ಕದ ಶಾಲೆಯನ್ನು ನೋಡಬೇಕು.

ಬಾಸೆಲ್ ಇರುವುದು ಸ್ವಿಟ್ಜರ್‌ಲೆಂಡಿನಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡು. 1529ರಲ್ಲಿ ಮಾರ್ಬುರ್ಗ್ ಎಂಬಲ್ಲಿ ಲೂಥರ್ ಒಂದು ಕಡೆ, ಸ್ವಿಸ್ ಸುಧಾರಕ ಜ್ವಿಂಗ್ಲಿ ಇನ್ನೊಂದು ಕಡೆ ಕೂತು ವಾದ ಮಾಡಿದರು. ವಿಷಯ ಕರ್ತನ ಭೋಜನದ ರೊಟ್ಟಿ, ಅಂದರೆ ಕ್ರಿಸ್ತನ ಕೊನೆಯ ಊಟವನ್ನು ಅನುಸರಿಸಿ ಚರ್ಚಿನಲ್ಲಿ ಹಂಚುವ ರೊಟ್ಟಿ. ಅದರಲ್ಲಿ ಕ್ರಿಸ್ತನ ಶರೀರ ನಿಜವಾಗಿಯೂ ಇದೆ ಎಂದು ಲೂಥರ್. ಅದು ನೆನಪಿನ ಗುರುತು ಎಂದು ಜ್ವಿಂಗ್ಲಿ. ಲೂಥರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ “ಇದು ನನ್ನ ದೇಹ” ಎಂದು ಬರೆದು, ಮೇಲೆ ಬಟ್ಟೆ ಹೊದೆಸಿ ಕೂತಿದ್ದನಂತೆ. ಬಾಸೆಲ್ಲಿನ ಸುಧಾರಕ ಈಕೊಲಂಪಾಡಿಯಸ್ ಅವತ್ತು ಕೂತಿದ್ದು ಜ್ವಿಂಗ್ಲಿಯ ಪಕ್ಕದಲ್ಲಿ. ಉಳಿದೆಲ್ಲದರಲ್ಲಿ ಹೊಂದಿಕೆಯಾದರೂ ಆ ಒಂದು ತುಂಡು ರೊಟ್ಟಿಯ ಮೇಲೆ ಪ್ರೊಟೆಸ್ಟೆಂಟರು ಎರಡು ಹೋಳಾದರು: ಲೂಥರನ್ ಮತ್ತು ರಿಫಾರ್ಮ್ಡ್.

ಅಂದರೆ ಬಾಸೆಲ್ ರಿಫಾರ್ಮ್ಡ್ ಪಟ್ಟಣ. ಅಲ್ಲಿ 1815ರಲ್ಲಿ ಮಿಷನ್ ಶುರುವಾದಾಗ ದುಡ್ಡು ಬಂದದ್ದು ಮುಖ್ಯವಾಗಿ ಆ ಊರಿನ ಶ್ರೀಮಂತ ವ್ಯಾಪಾರಿ ಮನೆತನಗಳಿಂದ. ಜನ ಬಂದದ್ದು ಮಾತ್ರ ಹೆಚ್ಚಾಗಿ ಗಡಿಯಾಚೆಯ ವ್ಯೂರ್ಟೆಂಬರ್ಗಿನ ಹಳ್ಳಿಗಳಿಂದ: ರೈತರ, ನೇಕಾರರ, ಬಡಗಿಗಳ ಮಕ್ಕಳು. ವ್ಯೂರ್ಟೆಂಬರ್ಗ್ ಅಪ್ಪಟ ಲೂಥರನ್ ಸೀಮೆ. ಎರಡೂ ಕಡೆಯವರನ್ನು ಒಟ್ಟಿಗೆ ಹಿಡಿದಿಟ್ಟದ್ದು ‘ಪಯಟಿಸಂ’ ಎಂಬ ಭಕ್ತಿಪಂಥ. ಅದರವರಿಗೆ ಸಿದ್ಧಾಂತದ ಜಗಳಕ್ಕಿಂತ ಮನಸ್ಸಿನ ಪರಿವರ್ತನೆ, ಬೈಬಲ್ ಓದು, ಶಿಸ್ತಿನ ಬಾಳು ಮುಖ್ಯ. ಹಾಗಾಗಿ ಮಿಷನ್ ಬೇಕೆಂದೇ ಯಾವ ಪಂಗಡದ ಹಣೆಪಟ್ಟಿಯನ್ನೂ ಅಂಟಿಸಿಕೊಳ್ಳಲಿಲ್ಲ. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ ಜೀಗೆನ್‌ಬಾಲ್ಗ್ ಮತ್ತು ಪ್ಲುಚೌ ಅವರ ಕಥೆ ಬೇರೆ. ಅವರು ನೇರ ಲೂಥರನ್ನರು, ಅವರ ಸಭೆಗಳು ಇವತ್ತಿಗೂ ಅದೇ ಹೆಸರಿನಲ್ಲಿವೆ. ನಮ್ಮ ಕರಾವಳಿಗೆ ಬಂದದ್ದು ಈ ಬೆರಕೆ ಮನೆತನ.

1833ರ ಚಾರ್ಟರ್ ಕಾಯ್ದೆಯಿಂದ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಆಡಳಿತದ ಸೀಮೆಯಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ಕ್ಕೆ ಮಂಗಳೂರು ಮುಟ್ಟಿದರು. ಕನ್ನಡವೂ ಗೊತ್ತಿಲ್ಲ, ತುಳುವೂ ಗೊತ್ತಿಲ್ಲ. ಎರಡೇ ವರ್ಷದಲ್ಲಿ, 1836ರಲ್ಲಿ, ಕನ್ನಡ ಶಾಲೆ. 1838ರಲ್ಲಿ ಇಂಗ್ಲಿಷ್ ಶಾಲೆ. ಅದು ಇವತ್ತಿನ ಬಿ.ಇ.ಎಂ. ಶಾಲೆಯ ಮೂಲ, ಬಾಸೆಲ್ ಇವಾಂಜೆಲಿಕಲ್ ಮಿಷನ್ ಎಂಬುದರ ಮೊದಲಕ್ಷರಗಳು. ಬಲ್ಮಠದ ಶಾಂತಿ ಚರ್ಚಿನ ಕಟ್ಟಡ ಎದ್ದದ್ದು 1862ರಲ್ಲಿ. ಶಾಲೆಗೂ ಚರ್ಚಿಗೂ ಸುಮಾರು ಕಾಲು ಶತಮಾನದ ಅಂತರ. ಮೊದಲು ಹಲಗೆ-ಬಳಪ, ಆಮೇಲೆ ಗಂಟೆಗೋಪುರ.

ಯಾಕೆ ಹೀಗೆ? ವ್ಯೂರ್ಟೆಂಬರ್ಗಿನಿಂದ ಬಂದವನಿಗೆ ಶಾಲೆಯಿಲ್ಲದ ಸಭೆ ಎಂಬ ಕಲ್ಪನೆಯೇ ಇರಲಿಲ್ಲ. ಅವನ ಊರಲ್ಲಿ 1649ರಿಂದಲೇ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯ. ಹದಿಮೂರು-ಹದಿನಾಲ್ಕರ ವಯಸ್ಸಿಗೆ ‘ದೃಢೀಕರಣ’. ದಶಾಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಬಾಯಿಪಾಠ ಮಾಡಿ, ಪಾದ್ರಿ ಕೇಳಿದ ಪ್ರಶ್ನೆಗಳಿಗೆ ಸಭೆಯ ಎದುರು ಉತ್ತರ ಕೊಟ್ಟ ಮೇಲೆಯೇ ಭೋಜನದ ಪಾಲು. ಲೂಥರ್ 1529ರಲ್ಲಿ ಬರೆದ ಪುಟ್ಟ ಪ್ರಶ್ನೋತ್ತರ ಪುಸ್ತಕವೇ ಇದಕ್ಕೆಲ್ಲ ಅಡಿಪಾಯ. ಅದರಲ್ಲಿ ಒಂದೊಂದು ಸಾಲಿಗೂ “ಇದರ ಅರ್ಥವೇನು?” ಎಂಬ ಪ್ರಶ್ನೆ. ಅದೇ ವರ್ಷ ಮಾರ್ಬುರ್ಗಿನಲ್ಲಿ ರೊಟ್ಟಿಗಾಗಿ ಜಗಳವಾಡಿದ ಮನುಷ್ಯನೇ ಮಕ್ಕಳಿಗಾಗಿ ಇದನ್ನು ಬರೆದದ್ದು. ಜಗಳ ಮಂಗಳೂರಿಗೆ ಬರಲಿಲ್ಲ, ಪ್ರಶ್ನೋತ್ತರ ಬಂತು.

ನಾನು ಚಿಕ್ಕವನಿದ್ದಾಗ ನಮ್ಮ ಹಿತ್ತಿಲಿಗೆ ತಾಗಿದ ಮನೆಯ ಹುಡುಗಿಯೊಬ್ಬಳು ದೃಢೀಕರಣದ ಕ್ಲಾಸಿಗೆ ಹೋಗುತ್ತಿದ್ದಳು. ಸಂಜೆ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಗಟ್ಟಿಯಾಗಿ ಪಾಠ ಒಪ್ಪಿಸುವುದು. ತಪ್ಪಿದರೆ ಒಳಗಿನಿಂದ ಅವಳ ಅಜ್ಜಿ ತುಳುವಿನಲ್ಲಿ ಬೈಯುವುದು. ಅಜ್ಜಿಗೆ ಪುಸ್ತಕ ನೋಡುವ ಅಗತ್ಯವೇ ಇರಲಿಲ್ಲ. ಕೇಳಿ ಕೇಳಿ ಎರಡನೆಯ ಆಜ್ಞೆಯ ತನಕ ನನಗೂ ಬಾಯಿಗೆ ಬಂದಿತ್ತು. ಕನ್ನಡದಲ್ಲಿ ಆರಾಧನೆ, ತುಳುವಿನಲ್ಲಿ ಬೈಗುಳ: ಈ ಸಭೆಯನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸಲು ನನಗೆ ಬಾರದು. ತುಳುವನ್ನೇನೂ ಅವರು ಕಡೆಗಣಿಸಿರಲಿಲ್ಲ. ತುಳು ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಯಿತು. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ. ಅಚ್ಚಿಗೆ ಬಳಸಿದ್ದು ಕನ್ನಡ ಲಿಪಿ, ಆ ರೂಢಿ ಈಗಲೂ ಬಿಟ್ಟಿಲ್ಲ.

ಶಾಲೆಯ ವಿಷಯದಲ್ಲಿ ಒಂದು ಭೇದ ತಿಳಿದಿರಬೇಕು. ಸಭೆಯ ಮಕ್ಕಳಿಗಾಗಿ ನಡೆಸುವ ಶಾಲೆ ಒಂದು ಬಗೆ. ಊರಿನ ಎಲ್ಲರಿಗಾಗಿ ತೆರೆದದ್ದು ಇನ್ನೊಂದು ಬಗೆ. ಇಂಗ್ಲಿಷ್ ಶಾಲೆ ಎರಡನೆಯದು. ಸರಕಾರಿ ಕೆಲಸಕ್ಕೆ ಇಂಗ್ಲಿಷ್ ಬೇಕಿದ್ದ ಬ್ರಾಹ್ಮಣ ಮನೆಗಳ ಹುಡುಗರು ಅಲ್ಲಿಗೆ ಬಂದರು. ಅವರಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರು ಹೊತ್ತಿಕೊಂಡಿತು. ಮಗನನ್ನು ಇಂಗ್ಲಿಷ್ ಕಲಿಯಲಿ ಎಂದು ಕಳಿಸಿದ ತಂದೆತಾಯಿಗೆ ಹೇಗಾಗಿರಬಹುದು ಎಂದು ಯೋಚಿಸಿದರೆ ಆ ಸಿಟ್ಟು ಅರ್ಥವಾಗುತ್ತದೆ. ಮಿಷನ್ ಇತಿಹಾಸ ಬರೆಯುವವರು ಅದನ್ನು ಬರೀ ವಿರೋಧ ಎಂದು ದಾಟಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಕೌಂಡಿನ್ಯ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಅವರನ್ನು ಮಗನಂತೆ ನೋಡಿಕೊಂಡವರು ಹರ್ಮನ್ ಮೋಗ್ಲಿಂಗ್. ದೀಕ್ಷಾಸ್ನಾನದ ಹಿಂದಿನ ವರ್ಷ, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದವರೂ ಇವರೇ. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚು, ಪಾಕ್ಷಿಕ. ಕಿಟ್ಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದನ್ನು ವಿವರಿಸಬೇಕಿಲ್ಲ.

ಸಭೆಗೆ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದು ಬ್ರಾಹ್ಮಣರಲ್ಲ, ಬಿಲ್ಲವರು. ಸೇರಿದವರಿಗೆ ಮೊದಲು ಹೋದದ್ದು ಮನೆ: ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಕುಟುಂಬದಿಂದ ಹೊರಬಿದ್ದರೆ ನೆಲವೂ ಇಲ್ಲ, ನೆಂಟರೂ ಇಲ್ಲ. ಶೇಂದಿ ಇಳಿಸುವ ಮೂರ್ತೆ ಕೆಲಸ ಬಿಡಬೇಕೆಂದು ಮಿಷನ್ನಿನ ಪಟ್ಟು. ಶೇಂದಿ ಬಿಟ್ಟವನ ಹೊಟ್ಟೆಗೆ? ನೇಯ್ಗೆ, ಪುಸ್ತಕ ಬೈಂಡಿಂಗ್, ಕೊನೆಗೆ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಅದನ್ನು ಶುರುಮಾಡಿದ ಪ್ಲೆಬ್ಸ್ಟ್ ಮೊದಲು ಮಿಷನ್ ಪ್ರೆಸ್ಸಿನ ಮನುಷ್ಯ. ನಿಮ್ಮ ಹಳೆಮನೆಯ ಮಾಡಿನ ಹೆಂಚನ್ನು ಮಗುಚಿ ನೋಡಿದರೆ ಬಾಸೆಲ್ ಮಿಷನ್ ಎಂಬ ಉಬ್ಬಕ್ಷರಗಳ ಜೊತೆ 1865 ಎಂದು ಕಂಡೀತು. ಅಷ್ಟು ಹಳೆಯ ಮನೆ ಎಂದು ಬೀಗಬೇಡಿ, ಅದು ಕಾರ್ಖಾನೆ ಹುಟ್ಟಿದ ವರ್ಷ. ನಮ್ಮ ಮನೆಯಲ್ಲಿ ಈ ಲೆಕ್ಕ ತಪ್ಪಿ ಒಂದಿಡೀ ಮದುವೆಯ ಚಪ್ಪರದಡಿ ವಾದ ನಡೆದಿತ್ತು.

ಇನ್ನು ಸಿ.ಎಸ್.ಐ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅಹಮದ್‌ನಗರದ ಶಿಬಿರದಲ್ಲಿ ಅವರನ್ನು ಕೂಡಿಹಾಕಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸಭೆಯನ್ನು ನೋಡಿಕೊಳ್ಳುವುದು ಸ್ವಿಸ್ ಪ್ರಜೆಗಳ, ಸ್ಥಳೀಯ ಪಾದ್ರಿಗಳ, ಉಪದೇಶಿಗಳ, ಶಾಲಾ ಮಾಸ್ತರರ ಪಾಲಿಗೆ ಬಂತು. 1923ರಲ್ಲಿ ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ತೆರೆದ ಡಾಕ್ಟರ್ ಈವಾ ಲೊಂಬಾರ್ಡ್ ಕೂಡ ಸ್ವಿಸ್ ಹೆಂಗಸೇ. ಆಮೇಲೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಕಾಂಗ್ರಿಗೇಶನಲ್, ಪ್ರೆಸ್ಬಿಟೀರಿಯನ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ತಮಿಳು, ತೆಲುಗು ಸೀಮೆಯ ದೊಡ್ಡ ಲೂಥರನ್ ಸಭೆಗಳು ಮಾತುಕತೆ ನಡೆಸಿದರೂ ಹೊರಗೇ ಉಳಿದವು. ಬಾಸೆಲ್ ಮಿಷನ್ನಿನ ಸಭೆಗಳು ಕಾಲಕ್ರಮದಲ್ಲಿ ಒಳಗೆ ಬಂದವು. ಪಂಗಡದ ಪಟ್ಟಿ ಮೊದಲೇ ಅಂಟಿರದವರಿಗೆ ಕಿತ್ತು ಹಾಕುವ ಕಷ್ಟವೂ ಇರಲಿಲ್ಲ.

ಸೇರಿದ್ದರ ಒಂದು ಫಲ ಬಲ್ಮಠದ ಬೋರ್ಡಿನಲ್ಲೇ ಇದೆ, ನಾವು ಓದಿಯೂ ಗಮನಿಸುವುದಿಲ್ಲ. ಈಗ ಅದು ಶಾಂತಿ ‘ಕೆಥೆಡ್ರಲ್’. ಕೆಥೆಡ್ರಲ್ ಅಂದರೆ ಬಿಷಪ್ಪರ ಪೀಠವಿರುವ ಚರ್ಚು. ಬಾಸೆಲ್ ಮಿಷನ್ನಿನಲ್ಲಿ ಬಿಷಪ್ ಎಂಬ ಹುದ್ದೆಯೇ ಇರಲಿಲ್ಲ, ಸಿ.ಎಸ್.ಐ.ಗೆ ಅದು ಬಂದದ್ದು ಆಂಗ್ಲಿಕನರ ಕಡೆಯಿಂದ. ಹಂಪನಕಟ್ಟೆಯ ಸೇಂಟ್ ಪಾಲ್ಸ್ ಚರ್ಚು 1843ರಲ್ಲಿ ಇಂಗ್ಲಿಷರು ತಮಗಾಗಿ ಕಟ್ಟಿಕೊಂಡದ್ದು. ಇವತ್ತು ಅದೂ ಬಲ್ಮಠದ್ದೂ ಸಿ.ಎಸ್.ಐ.ಯೇ.

ನಿಮ್ಮಜ್ಜಿ ಹೇಳಿದ ‘ಜರ್ಮನಿಯ ಪಾದ್ರಿಗಳ ಶಾಲೆ’ ಎಂಬ ಮಾತು ಹಾಗಾಗಿ ಸರಿಯೇ. ಅವರು ಸಭೆಯ ಶಾಲೆಯಲ್ಲಿ ಕಲಿತವರೋ, ಊರಿಗೆಲ್ಲ ತೆರೆದ ಶಾಲೆಯಲ್ಲೋ ಎಂದು ತಿಳಿಯಬೇಕಿದ್ದರೆ ಒಂದು ಕೆಲಸ ಮಾಡಿ: ದಶಾಜ್ಞೆ ನೆನಪಿದೆಯೇ ಎಂದು ಕೇಳಿ. ಹತ್ತೂ ತಡವರಿಸದೆ ಬಂದರೆ ಅಜ್ಜಿ ಮೊದಲನೆಯದರಲ್ಲೇ ಕಲಿತಿರುವ ಸಂಭವ ಹೆಚ್ಚು.