ಬಿಗಿದ ಭುಜವನ್ನು ನರ ಮರಗಟ್ಟಿಸಿ ಬಿಡಿಸುವುದು ಹೇಗೆ?

ಫ್ರೋಜನ್ ಶೋಲ್ಡರ್ ಬಂದವರ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಮೂಳೆ ಸರಿಯಾಗಿಯೇ ಇರುತ್ತದೆ. ಆದರೂ ಕೈ ಮೇಲೆ ಹೋಗುವುದಿಲ್ಲ, ಬೆನ್ನ ಹಿಂದೆ ತಿರುಗುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. ಬೇರೆಯವರು ಹಿಡಿದು ಎತ್ತಿದರೂ ಅಷ್ಟೇ, ಒಂದು ಹಂತಕ್ಕೆ ಕೈ ನಿಂತುಬಿಡುತ್ತದೆ.

ತೊಂದರೆ ಇರುವುದು ಕೀಲನ್ನು ಸುತ್ತಿಕೊಂಡಿರುವ ತೆಳು ಚೀಲದಲ್ಲಿ. ಆರೋಗ್ಯವಾಗಿರುವ ಭುಜದಲ್ಲಿ ಇದು ಸಡಿಲವಾಗಿರುತ್ತದೆ. ಕೈ ಇಳಿಬಿಟ್ಟಾಗ ಕಂಕುಳ ಕಡೆ ಮಡಿಕೆ ಬಿದ್ದಿರುತ್ತದೆ, ಎತ್ತಿದಾಗ ಮಡಿಕೆ ಬಿಚ್ಚಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಚೀಲಕ್ಕೆ ಮೊದಲು ಉರಿಯೂತ ಬಂದು, ಆಮೇಲೆ ಅದು ದಪ್ಪಗಾಗಿ ಕುಗ್ಗುತ್ತದೆ. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ.

ಮಾತ್ರೆ, ಫಿಜಿಯೋಥೆರಪಿ, ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಇವುಗಳಲ್ಲೇ ತುಂಬಾ ಜನ ಸುಧಾರಿಸುತ್ತಾರೆ. ತಿಂಗಳುಗಟ್ಟಲೆ ಕಾದರೂ ಭುಜ ಬಗ್ಗದಿದ್ದರೆ ವೈದ್ಯರೇ ತೋಳನ್ನು ಹಿಡಿದು ತಿರುಗಿಸಿ ಆ ಚೀಲವನ್ನು ಬಿಡಿಸುವ ದಾರಿ ಇದೆ. ಇದನ್ನು ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದು ಹಳೆಯ ರೂಢಿ. ಈಗ ಕೆಲವು ಕಡೆ ಭುಜದ ನರವನ್ನಷ್ಟೇ ಮರಗಟ್ಟಿಸುತ್ತಾರೆ. ಜಪಾನಿನ ಮೂಳೆ ವೈದ್ಯರು ಇದನ್ನು 'ಸೈಲೆಂಟ್ ಮ್ಯಾನಿಪ್ಯುಲೇಶನ್' ಎನ್ನುತ್ತಾರೆ.

ಭುಜದ ನೋವಿನ ಸುದ್ದಿ ಮಿದುಳಿಗೆ ಹೋಗುವುದು ಮುಖ್ಯವಾಗಿ ಕತ್ತಿನ ಐದನೇ ಮತ್ತು ಆರನೇ ನರಬೇರುಗಳ ಮೂಲಕ. ಅಲ್ಟ್ರಾಸೌಂಡ್ ಪರದೆಯಲ್ಲಿ ಆ ಬೇರುಗಳನ್ನು ನೋಡುತ್ತಲೇ ಸೂಜಿಯನ್ನು ಪಕ್ಕಕ್ಕೆ ತಂದು ಮದ್ದು ಬಿಡುತ್ತಾರೆ. ಮದ್ದು ನರದ ಪೊರೆಯಲ್ಲಿರುವ ಸೋಡಿಯಂ ದಾರಿಗಳನ್ನು ಮುಚ್ಚುತ್ತದೆ. ಸೋಡಿಯಂ ಒಳಗೆ ಹೋಗದಿದ್ದರೆ ನರದಲ್ಲಿ ಸಂದೇಶ ಹರಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ತೋಳು ಜೋತುಬೀಳುತ್ತದೆ. ಮನುಷ್ಯ ಮಾತ್ರ ಎಚ್ಚರವಾಗಿಯೇ ಇರುತ್ತಾನೆ.

ಇದು ಸುಮ್ನೆ ನೋವು ತಡೆಯುವ ಉಪಾಯ ಅಂದುಕೊಂಡರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ನೋವಿರುವ ಭುಜವನ್ನು ಯಾರಾದರೂ ಮುಟ್ಟಿದರೆ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ, ಅಲ್ವಾ? ಬ್ಲಾಕ್, ಅಂದರೆ ನರ ಮರಗಟ್ಟಿಸುವ ಈ ಇಂಜೆಕ್ಷನ್, ಕೊಟ್ಟ ಮೇಲೆ ಆ ಬಿಗಿತ ಹೋಗುತ್ತದೆ. ಆಗ ವೈದ್ಯರ ಕೈಗೆ ಎದುರು ನಿಲ್ಲುವುದು ಕುಗ್ಗಿದ ಚೀಲವೊಂದೇ. ಹೆಗಲಮೂಳೆಯನ್ನು ಒತ್ತಿ ಹಿಡಿದು, ತೋಳನ್ನು ಭುಜಕ್ಕೆ ಹತ್ತಿರದಲ್ಲೇ ಹಿಡಿದು ನಿಧಾನವಾಗಿ ಮೇಲಕ್ಕೆ, ಪಕ್ಕಕ್ಕೆ, ಒಳಗೆ, ಹೊರಗೆ ತಿರುಗಿಸುತ್ತಾರೆ. ಬಟ್ಟೆ ಹರಿದಂಥ ಸದ್ದು ಕೇಳಿಸಬಹುದು. ಅದು ಚೀಲ ಬಿಟ್ಟುಕೊಳ್ಳುವ ಸದ್ದು. ಕೆಲಸ ಕೆಲವೇ ನಿಮಿಷದ್ದು.

ಆದರೆ ನೋವಿಲ್ಲ ಎಂದರೆ ಎಚ್ಚರಿಕೆಯೂ ಇಲ್ಲ. ಮೊಣಕೈ ಹಿಡಿದು ಜೋರಾಗಿ ತಿರುಗಿಸಿದರೆ ತೋಳಿನ ಮೂಳೆಯೇ ಮುರಿಯಬಹುದು. ಮೂಳೆ ಟೊಳ್ಳಾದವರಲ್ಲಿ ಈ ಅಪಾಯ ಜಾಸ್ತಿ. ಸ್ನಾಯುರಜ್ಜು ಹರಿಯುವುದು, ಕೀಲು ತಪ್ಪುವುದು ಅಪರೂಪವಾದರೂ ಉಂಟು. ಕತ್ತಿನಲ್ಲಿ ಬಿಟ್ಟ ಮದ್ದು ಉಸಿರಾಟಕ್ಕೆ ಬೇಕಾದ ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ನರಕ್ಕೂ ತಾಗಿ, ಆ ಬದಿಯ ವಪೆ ಕೆಲವು ಗಂಟೆ ದುರ್ಬಲವಾಗಬಹುದು. ಹಾಗಾಗಿ ಶ್ವಾಸಕೋಶದ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಲೇಬೇಕು. ಕತ್ತಿನಲ್ಲಿ ಎರಡೂ ಬದಿಗೆ ಒಂದೇ ದಿನ ಬ್ಲಾಕ್ ಕೊಡದಿರುವುದಕ್ಕೂ ಇದೇ ಕಾರಣ.

ಬೇರೆ ಚಿಕಿತ್ಸೆಗಿಂತ ಇದೇ ಮೇಲು ಎನ್ನಬಹುದೇ? 2020ರಲ್ಲಿ ಬ್ರಿಟನ್ನಿನಲ್ಲಿ 503 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಪ್ರಜ್ಞೆ ತಪ್ಪಿಸಿ ಭುಜ ತಿರುಗಿಸುವುದು, ಕೀಲುದರ್ಶಕದಿಂದ (ಸಣ್ಣ ತೂತಿನ ಮೂಲಕ ಕೀಲಿನೊಳಗೆ ತೂರಿಸುವ ಕ್ಯಾಮೆರಾ) ಚೀಲ ಕತ್ತರಿಸುವುದು, ಸ್ಟೀರಾಯ್ಡ್ ಜೊತೆ ಫಿಜಿಯೋಥೆರಪಿ, ಈ ಮೂರನ್ನೂ ಹೋಲಿಸಿದರು. ವರ್ಷದ ನಂತರ ರೋಗಿಗೆ ಎದ್ದು ಕಾಣುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಬ್ಲಾಕ್ ಕೊಟ್ಟು ಬಿಡಿಸುವುದನ್ನೂ ಮೊದಲ ದಿನವೇ ಕೇಳಿ ಪಡೆಯಬೇಕಾದ ಚಿಕಿತ್ಸೆ ಎಂದು ನಾನು ಹೇಳಲಾರೆ. ಬೇರೆ ಪ್ರಯತ್ನ ಫಲಿಸದೆ, ನೋವಿಗಿಂತ ಬಿಗಿತವೇ ಮುಂದಾಗಿರುವವರಿಗೆ ಇದು ಒಳ್ಳೆಯ ಆಯ್ಕೆ.

ಮದ್ದು ಇಳಿಯುವವರೆಗೆ ಕೈ ಜೋಲಿಯಲ್ಲೇ ಇರಬೇಕು. ಸ್ವಾಧೀನವಿಲ್ಲದ ತೋಳು ಎಲ್ಲಿ ತಗುಲಿದರೂ ಗೊತ್ತಾಗುವುದಿಲ್ಲ. ಆ ರಾತ್ರಿ ನೋವು ಮರಳುತ್ತದೆ, ಮಾತ್ರೆ ಸಿದ್ಧವಿರಲಿ. ಹೇಳಿಕೊಟ್ಟ ವ್ಯಾಯಾಮವನ್ನು ಮರುದಿನದಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ಬಿಟ್ಟುಕೊಂಡ ಚೀಲ ಮತ್ತೆ ಬಿಗಿಯಬಹುದು. ಸಕ್ಕರೆ ಕಾಯಿಲೆಯವರಲ್ಲಿ ಹೀಗಾಗುವುದು ಹೆಚ್ಚು. ಜೊತೆಗೆ ಸ್ಟೀರಾಯ್ಡ್ ಕೊಟ್ಟಿದ್ದರೆ ಕೆಲವು ದಿನ ಸಕ್ಕರೆ ಏರುತ್ತದೆ, ಆ ದಿನಗಳಲ್ಲಿ ತಪ್ಪದೆ ಪರೀಕ್ಷಿಸಿಕೊಳ್ಳಿ.