ಅಲ್ಜೀರಿಯಾಕ್ಕೆ ಬಣ್ಣ ತುಂಬುವ ಮೊದಲು

ನನ್ನ ಕೆಲಸ ನಕ್ಷೆ ಬರೆಯುವುದು. ಅಲ್ಜೀರಿಯಾದ ಜನಾಂಗಗಳ ನಕ್ಷೆ ಬೇಕು ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಒಂದೇ: ನಿಮಗೆ ಬೇಕಿರುವುದು ಜನಾಂಗವೋ, ಮನೆಮಾತೋ?

ಸಾಮಾನ್ಯವಾಗಿ ಅರಬ್ಬರಿಗೆ ಒಂದು ಬಣ್ಣ, ಬರ್ಬರರಿಗೆ ಇನ್ನೊಂದು ಬಣ್ಣ ಹಚ್ಚಿರುತ್ತಾರೆ. ಬರ್ಬರ್ ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಅಮಾಜಿಘ್ ಎಂದು ಕರೆದುಕೊಳ್ಳುತ್ತಾರೆ. ನಕ್ಷೆ ನೋಡಿದವರಿಗೆ ಇವು ಎರಡು ಬೇರೆ ಬೇರೆ ವಂಶ ಅನಿಸುತ್ತದೆ, ಅಲ್ವಾ? 7ನೇ ಶತಮಾನದಲ್ಲಿ ಅರಬ್ ಸೇನೆ ಬಂತು. 11ನೇ ಶತಮಾನದಲ್ಲಿ ಬನೂ ಹಿಲಾಲ್ ಬುಡಕಟ್ಟಿನವರು ದನ, ಒಂಟೆಗಳ ಸಮೇತ ಬಂದರು. ಆಮೇಲೆ ಬಯಲಿನ ಅಮಾಜಿಘ್ ಜನ ನಿಧಾನವಾಗಿ ಅರಬ್ಬಿ ಮಾತಿಗೆ ಹೊರಳಿದರು. ಇವತ್ತು ಅರಬ್ಬರು ಎನಿಸಿಕೊಂಡ ಬಹಳ ಮಂದಿಯ ಹಿರಿಯರು ಅಮಾಜಿಘ್‌ಗಳೇ.

ಹಳೆಯ ಮಾತು ಉಳಿದದ್ದು ಸುಲಭಕ್ಕೆ ತಲುಪಲಾಗದ ಕಡೆ. ಜುರ್ಜುರಾ ಬೆಟ್ಟಗಳ ಟೀಜಿ ಊಜು, ಬೆಜಾಯಾ ಸುತ್ತ ಕಬೈಲ್ ಎಂಬ ಅಮಾಜಿಘ್ ಜನ. ಪೂರ್ವದ ಔರೆಸ್ ಬೆಟ್ಟಗಳಲ್ಲಿ, ಬಟ್ನಾ, ಖೆಂಚೆಲಾ ಕಡೆ ಶಾವಿಯಾ ಜನ.

ನನಗೆ ಜಾಸ್ತಿ ಇಷ್ಟವಾದದ್ದು ಮ್ಜಾಬ್ ಕಣಿವೆ. ಅಲ್ಜೀರ್ಸ್‌ನಿಂದ ಸುಮಾರು 600 ಕಿ.ಮೀ. ದಕ್ಷಿಣಕ್ಕೆ, ಬರೀ ಕಲ್ಲಿನ ಮರುಭೂಮಿ. 909ರಲ್ಲಿ ತಮ್ಮ ತಾಹೆರ್ತ್ ರಾಜ್ಯ ಬಿದ್ದ ಮೇಲೆ ಇಬಾದಿ ಪಂಥದ ಮುಸ್ಲಿಮರು ದಕ್ಷಿಣಕ್ಕೆ ಸರಿದರು. 11ನೇ ಶತಮಾನದಿಂದ ಇಲ್ಲಿ ಊರು ಕಟ್ಟತೊಡಗಿದರು. ಬಾವಿ ತೋಡಿ, ಖರ್ಜೂರದ ತೋಟ ಬೆಳೆಸಿ, ಗುಡ್ಡದ ನೆತ್ತಿಯ ಮೇಲೆ ಮಸೀದಿ, ಅದರ ಸುತ್ತ ಮನೆಗಳು. ಹೀಗೆ ಎದ್ದ ಐದು ಊರುಗಳಲ್ಲಿ ಘರ್ದಾಯಾ ಒಂದು. 1982ರಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಕ್ಷೆಯಲ್ಲಿ ಮಾತ್ರ ಮೊಜಾಬಿಗಳಿಗೆ, ಅಂದರೆ ಈ ಕಣಿವೆಯ ಅಮಾಜಿಘ್ ಜನಕ್ಕೆ, ಸಿಗುವುದು ಒಂದು ಚುಕ್ಕೆಯಷ್ಟು ಜಾಗ. ತಲೆಮಾರುಗಳಿಂದ ಉತ್ತರದ ಪಟ್ಟಣಗಳಲ್ಲಿ ಅಂಗಡಿ ಇಟ್ಟುಕೊಂಡು ಬಾಳಿದ ಮೊಜಾಬಿಗಳು ಆ ಚುಕ್ಕೆಯಲ್ಲಿ ಕಾಣುವುದೇ ಇಲ್ಲ.

ತುವಾರೆಗ್‌ ಎಂಬ ಅಮಾಜಿಘ್ ಜನರದ್ದು ಇದಕ್ಕೆ ಉಲ್ಟಾ. ತಮನ್ರಾಸೆತ್, ಹೊಗ್ಗಾರ್ ಬೆಟ್ಟಗಳ ಸುತ್ತ ಅವರ ಬಣ್ಣ ದೇಶದ ದೊಡ್ಡ ಭಾಗವನ್ನೇ ನುಂಗುತ್ತದೆ, ಜನ ಮಾತ್ರ ಕಡಿಮೆ. ದೇಶದ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಸಹಾರಾ. ಹೆಚ್ಚಿನ ಜನ ಇರುವುದು ಕಡಲ ಕಡೆಯ ಉತ್ತರದ ಪಟ್ಟಿಯಲ್ಲಿ. ಹಾಗಾಗಿ ನಾನು ಪ್ರದೇಶಕ್ಕೆ ಬಣ್ಣ ತುಂಬುವುದಿಲ್ಲ. ಜನ ಇರುವ ಊರುಗಳಲ್ಲಿ ಚುಕ್ಕೆ ಇಡುತ್ತೇನೆ.

2002ರಲ್ಲಿ ಅಮಾಜಿಘ್ ಜನರ ಮಾತಾದ ತಮಾಜಿಘ್ತ್ ರಾಷ್ಟ್ರೀಯ ಭಾಷೆಯಾಯಿತು, 2016ರಲ್ಲಿ ಅಧಿಕೃತ ಭಾಷೆಯೂ ಆಯಿತು. ಅಲ್ಜೀರ್ಸ್ ನಗರದಲ್ಲಿ ಕೆಲಸಕ್ಕೆಂದು ಬಂದು ನೆಲೆಸಿದ ಕಬೈಲ್ ಕುಟುಂಬಗಳು ತುಂಬಾ ಇವೆ. ಒಂದೇ ಮನೆಯಲ್ಲಿ ಅಜ್ಜಿ ಕಬೈಲ್ ಮಾತಾಡಿದರೆ ಮೊಮ್ಮಗು ಅರಬ್ಬಿಯಲ್ಲಿ ಉತ್ತರಿಸುವುದುಂಟು. ಅಂಥ ಮನೆಗೆ ನಾನು ಎರಡೂ ಬಣ್ಣದ ಚುಕ್ಕೆ ಇಡುತ್ತೇನೆ.