ಬಿಸಿಲಿನ ಬಿಸಿಯಿಂದ ಮನೆಗೆ ಕರೆಂಟ್: ಹಳೇ ಆಸೆ ಯಾಕಿನ್ನೂ ಕೈಗೂಡಿಲ್ಲ?

ಸೋಲಾರ್ ಹೀಟರ್ ಹಾಕಿಸಿದವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಹೊಳೆದೇ ಹೊಳೆಯುತ್ತದೆ. ತಾರಸಿ ಮೇಲೆ ನೀರು ಕೈ ಸುಡುವಷ್ಟು ಕಾಯುತ್ತದೆ. ಅದೇ ಬಿಸಿಯಿಂದ ಒಂದು ಸಣ್ಣ ಇಂಜಿನ್ ಓಡಿಸಿ ಮನೆಗೆ ಕರೆಂಟ್ ಮಾಡಿಕೊಳ್ಳಬಹುದಲ್ವಾ? ಉತ್ತರ ಹುಡುಕಲು ಹೊರಟರೆ ತಲೆ ಕೆಡುತ್ತದೆ. ಕನ್ನಡಿ ಡಿಶ್ ಇಟ್ಟ ಇಂಜಿನ್ ಮಾಮೂಲಿ ಪ್ಯಾನೆಲ್‌ನ ಎರಡು ಪಟ್ಟು ಕರೆಂಟ್ ತೆಗೆದಿದೆ ಎನ್ನುವವರಿದ್ದಾರೆ. ಅದು ನಿಜ. ಇದು ಎಂದೋ ಮುಗಿದ ಕಥೆ ಎನ್ನುವವರೂ ಇದ್ದಾರೆ. ಅದೂ ಹೆಚ್ಚುಕಡಿಮೆ ನಿಜ.

ಆಸೆ ಹೊಸದಲ್ಲ. ಫ್ರಾನ್ಸಿನ ಗಣಿತದ ಮೇಷ್ಟ್ರು ಆಗಸ್ಟಿನ್ ಮೂಷೊ 1860ರ ದಶಕದಲ್ಲೇ ಬಿಸಿಲಿನಿಂದ ಆವಿ ಯಂತ್ರ ಓಡಿಸಿದ್ದರು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಕನ್ನಡಿಯ ಕೊಳಗ ಇಟ್ಟು, ಬಿಸಿಲಿನಿಂದಲೇ ಮಂಜುಗಡ್ಡೆ ಮಾಡಿ ತೋರಿಸಿದರು. ಅದೇ ಹೊತ್ತಿಗೆ ಬೊಂಬಾಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ ಸಾಲುಗನ್ನಡಿಗಳಿಂದ ಎರಡೂವರೆ ಅಶ್ವಶಕ್ತಿಯ ಯಂತ್ರ ನಡೆಸಿದ. 1882ರಲ್ಲಿ ಮೂಷೊ ಅವರ ಸಹಾಯಕ ಆಬೆಲ್ ಪಿಫ್ರ್ ಪ್ಯಾರಿಸ್ಸಿನಲ್ಲಿ ಬಿಸಿಲಿನಿಂದ ಮುದ್ರಣ ಯಂತ್ರ ಓಡಿಸಿ ಪತ್ರಿಕೆ ಅಚ್ಚು ಹಾಕಿದರು. 1913ರಲ್ಲಿ ಅಮೆರಿಕದ ಫ್ರಾಂಕ್ ಶೂಮನ್ ಈಜಿಪ್ಟಿನ ಮಾಅದಿಯಲ್ಲಿ ಉದ್ದನೆಯ ತೊಟ್ಟಿಯಂಥ ಕನ್ನಡಿಗಳನ್ನು ಹಾಕಿ, ನಿಮಿಷಕ್ಕೆ ಸುಮಾರು 22 ಸಾವಿರ ಲೀಟರ್ ನೀರೆತ್ತಿದರು. ಮುಂದಿನ ವರ್ಷ ಮಹಾಯುದ್ಧ ಶುರುವಾಯಿತು. ಕಲ್ಲಿದ್ದಲು, ಆಮೇಲೆ ಎಣ್ಣೆ, ಅಗ್ಗಕ್ಕೆ ಸಿಕ್ಕಿದ್ದರಿಂದ ಅರವತ್ತು ವರ್ಷ ಈ ಕಡೆ ತಿರುಗಿ ನೋಡಿದವರು ಕಡಿಮೆ.

ಈ ಯಂತ್ರಗಳೆಲ್ಲ ಕೆಲಸ ಮಾಡಿದವು ಅನ್ನೋದನ್ನು ಗಮನಿಸಿ. ಆಗುತ್ತೋ ಇಲ್ಲವೋ ಎಂಬ ಪ್ರಶ್ನೆ 19ನೇ ಶತಮಾನದಲ್ಲೇ ಬಗೆಹರಿದಿತ್ತು.

ಹಾಗಾದರೆ ಹೀಟರ್ ನೀರಿನಿಂದಲೇ ಯಾಕಾಗುವುದಿಲ್ಲ? ಇಲ್ಲಿ ಅಡ್ಡ ಬರುವುದು ಫ್ರಾನ್ಸಿನ ಇಂಜಿನಿಯರ್ ಸಾದಿ ಕಾರ್ನೋ 1824ರಲ್ಲಿ ಕಂಡುಕೊಂಡ ನಿಯಮ. ಬಿಸಿಯಿಂದ ಎಷ್ಟು ಕೆಲಸ ತೆಗೆಯಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಬಿಸಿ ಕಡೆಗೂ ತಣ್ಣನೆ ಕಡೆಗೂ ಇರುವ ಉಷ್ಣತೆಯ ಅಂತರ ದೊಡ್ಡದಿದ್ದಷ್ಟೂ ಆ ಮಿತಿ ಮೇಲೇರುತ್ತದೆ. ನೀರು 90 ಡಿಗ್ರಿ, ಹೊರಗೆ 30 ಡಿಗ್ರಿ ಇದ್ದರೆ ಎಂಥ ಇಂಜಿನ್ ತಂದರೂ ಶೇ 16.5 ದಾಟುವುದಿಲ್ಲ. ನಿಜವಾದ ಸಣ್ಣ ಇಂಜಿನ್ ಅದರ ಅರ್ಧ ಕೊಟ್ಟರೆ ದೊಡ್ಡದು. ಬಿಸಿಲಿನಲ್ಲಿ ಅರ್ಧದಷ್ಟು, ಅದನ್ನು ಹೀರುವ ಕಲೆಕ್ಟರ್‌ನಲ್ಲೇ ಸೋರಿ ಹೋಗುತ್ತದೆ ಎಂದುಕೊಂಡರೆ ಕೊನೆಗೆ ಉಳಿಯುವುದು ಶೇ 4. ನಡು ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಅಂದರೆ 1 ಕಿಲೋವ್ಯಾಟ್ ಕರೆಂಟಿಗೆ 25 ಚದರ ಮೀಟರ್ ಕಲೆಕ್ಟರ್ ಬೇಕು. ಇವತ್ತಿನ ಸೋಲಾರ್ ಪ್ಯಾನೆಲ್‌ಗೆ 5 ಚದರ ಮೀಟರ್ ಸಾಕು.

ಇಷ್ಟಿದ್ದೂ ಕಡಿಮೆ ಬಿಸಿಯ ದಾರಿಯನ್ನು ಜನ ಬಿಡಲಿಲ್ಲ. ಇಸ್ರೇಲಿನ ಹ್ಯಾರಿ ತಾಬೋರ್ ಮತ್ತು ಲೂಸಿಯನ್ ಬ್ರೋನಿಕಿ ನೀರಿನ ಬದಲು ಕಡಿಮೆ ಬಿಸಿಗೇ ಕುದಿಯುವ ರಾಸಾಯನಿಕ ದ್ರವ ಬಳಸುವ ಪುಟ್ಟ ಟರ್ಬೈನ್ ಮಾಡಿ, 1961ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ತೋರಿಸಿದರು. ಯಂತ್ರ ಚೆನ್ನಾಗಿತ್ತು. ಆದರೆ ಅದಕ್ಕೆ ಸರಿಯಾದ ಮಾರುಕಟ್ಟೆ ಸಿಕ್ಕಿದ್ದು ಬಿಸಿಲಿನಲ್ಲಲ್ಲ. ಭೂಗರ್ಭದ ಬಿಸಿ, ಕಾರ್ಖಾನೆಯಲ್ಲಿ ವ್ಯರ್ಥವಾಗುವ ಬಿಸಿ, ಹೀಗೆ ಹಗಲೂ ರಾತ್ರಿ ಒಂದೇ ಸಮ ಬಿಸಿ ಸಿಗುವ ಕಡೆ ಅದು ನೆಲೆ ನಿಂತಿತು.

ಇನ್ನೊಂದು ದಾರಿ ಬಿಸಿಯನ್ನೇ ಏರಿಸುವುದು. ಈ ಕಥೆಯ ನಿಜವಾದ ರುಚಿ ಇರುವುದು ಇಲ್ಲಿ.

ಬೋಗುಣಿಯಂಥ ಕನ್ನಡಿ ಬಿಸಿಲನ್ನೆಲ್ಲ ಒಂದು ಚುಕ್ಕಿಗೆ ತಂದರೆ 700 ಡಿಗ್ರಿ ಸಲೀಸಾಗಿ ಸಿಗುತ್ತದೆ. ಅಲ್ಲಿ ಕಾರ್ನೋ ಮಿತಿ ಶೇ 69ರ ಹತ್ತಿರ. ಆ ಚುಕ್ಕಿಯಲ್ಲಿ ಕೂರಿಸಲು ಹೇಳಿ ಮಾಡಿಸಿದಂಥದ್ದು ಸ್ಟರ್ಲಿಂಗ್ ಇಂಜಿನ್. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದದ್ದು. ಒಳಗೆ ಇಂಧನ ಸುಡುವುದಿಲ್ಲ. ಮುಚ್ಚಿದ ಅನಿಲ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ, ಪಿಸ್ಟನ್ ಓಡುತ್ತದೆ. ಬಿಸಿ ಎಲ್ಲಿಂದ ಬಂದರೂ ನಡೆಯುತ್ತದೆ.

1973ರ ಎಣ್ಣೆ ಬಿಕ್ಕಟ್ಟಿನ ನಂತರ ಸರ್ಕಾರದ ದುಡ್ಡು ಈ ಕಡೆ ಹರಿಯಿತು. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವ್ಯಾನ್‌ಗಾರ್ಡ್ ಎಂಬ 25 ಕಿಲೋವ್ಯಾಟ್ ಡಿಶ್, ಬಿದ್ದ ಬಿಸಿಲಿನ ಶೇ 29.4ರಷ್ಟನ್ನು ಕರೆಂಟ್ ಮಾಡಿ ತೋರಿಸಿತು. ಸ್ಪೇನಿನ ಅಲ್ಮೇರಿಯಾದಲ್ಲಿ ಜರ್ಮನ್ ತಂಡದ ಹತ್ತು ಕಿಲೋವ್ಯಾಟ್ ಆಸುಪಾಸಿನ ಡಿಶ್‌ಗಳು ವರ್ಷಗಟ್ಟಲೆ ಓಡಿದವು. 2008ರಲ್ಲಿ ಅಮೆರಿಕದ ಸಾಂಡಿಯಾ ಪ್ರಯೋಗಾಲಯದಲ್ಲಿ ಸ್ಟರ್ಲಿಂಗ್ ಎನರ್ಜಿ ಸಿಸ್ಟಮ್ಸ್ ಕಂಪನಿಯ ಡಿಶ್ ಶೇ 31.25 ಮುಟ್ಟಿತು. ಆಗ ಮಾಮೂಲಿ ಪ್ಯಾನೆಲ್ ಕೊಡುತ್ತಿದ್ದದ್ದು ಇದರ ಅರ್ಧ. ಇಂದಿಗೂ ಎಲ್ಲರೂ ಎತ್ತಿ ತೋರಿಸುವುದು ಈ ಅಂಕಿಯನ್ನೇ.

ಅಂಕಿಯ ಹಿಂದೆ ಏನಿತ್ತು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಡಿಶ್‌ನ ಅಗಲ 11 ಮೀಟರಿಗೂ ಜಾಸ್ತಿ. ದಿನವಿಡೀ ಎರಡು ದಿಕ್ಕಿನಲ್ಲಿ ತಿರುಗಿ ಸೂರ್ಯನನ್ನು ಹಿಂಬಾಲಿಸಬೇಕು. ಗುರಿ ತುಸು ತಪ್ಪಿದರೂ ಬಿಸಿ ಇಂಜಿನ್ ಬಾಯಿಗೆ ಬೀಳುವುದಿಲ್ಲ. ಗಾಳಿ ಜೋರಾದರೆ ಮಡಗಿ ನಿಲ್ಲಿಸಬೇಕು. ಕನ್ನಡಿಗೆ ಧೂಳು ಕೂರಬಾರದು. ಒಳಗಿನ ಹೈಡ್ರೋಜನ್ ಭಾರೀ ಒತ್ತಡದಲ್ಲಿರುತ್ತದೆ, ಸೀಲ್ ಸಂದಿಯಲ್ಲಿ ನುಸುಳುತ್ತದೆ. ತೆಳು ಮೋಡ ಬಂದರೂ ಆಟ ನಿಂತಿತು. ಕನ್ನಡಿಗೆ ನೇರ ಬಿಸಿಲೇ ಬೇಕು, ಚದುರಿದ ಬೆಳಕು ಅದಕ್ಕೆ ಲೆಕ್ಕಕ್ಕಿಲ್ಲ. ಪ್ಯಾನೆಲ್‌ಗೆ ಅದೂ ನಡೆಯುತ್ತದೆ. ಮರುಭೂಮಿಯಲ್ಲಿ ಸಾವಿರ ಡಿಶ್ ನಿಲ್ಲಿಸಿದವರು ಮೆಕ್ಯಾನಿಕ್‌ಗಳ ತಂಡ ಇಟ್ಟುಕೊಳ್ಳಬಹುದು. ಒಂದು ಮನೆಯವರು ಇಟ್ಟುಕೊಳ್ಳಲು ಆಗುತ್ತದೆಯೇ? ಶೇಕಡಾ ಎಷ್ಟು ಎಂದು ಅಳೆದವರು ಬಹಳ. ವರ್ಷಕ್ಕೆ ಎಷ್ಟು ಸಲ ಸ್ಪ್ಯಾನರ್ ಹಿಡಿಯಬೇಕು ಎಂದು ಅಳೆದವರು ಕಡಿಮೆ.

ಮನೆಯ ಅಳತೆಗೆ ಹತ್ತಿರ ಬಂದದ್ದು ಇನ್ಫಿನಿಯಾ ಕಂಪನಿಯ 3 ಕಿಲೋವ್ಯಾಟ್ ಡಿಶ್. ಅದರ ಇಂಜಿನ್‌ನಲ್ಲಿ ಪಿಸ್ಟನ್ ಓಡಾಟವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ಇರಲಿಲ್ಲ, ಆಯಿಲ್ ಹಾಕುವ ಗೋಜೂ ಇರಲಿಲ್ಲ. ಪಿಸ್ಟನ್ ಹೀಲಿಯಂನಲ್ಲಿ ತೇಲುತ್ತಾ ಓಡಾಡುತ್ತಿತ್ತು. ಸರಿಯಾದ ಪ್ರಶ್ನೆಗೆ ಕೊಟ್ಟ ಉತ್ತರ ಅದು. ಆದರೆ ತಡವಾಗಿತ್ತು. 1970ರ ದಶಕದ ನಡುವೆ ವ್ಯಾಟಿಗೆ ಹತ್ತಾರು ಡಾಲರ್ ಇದ್ದ ಪ್ಯಾನೆಲ್ ಬೆಲೆ 2008ರ ನಂತರ ಕುಸಿಯುತ್ತಲೇ ಹೋಯಿತು. ಸ್ಟರ್ಲಿಂಗ್ ಎನರ್ಜಿ ಸಿಸ್ಟಮ್ಸ್ 2011ರಲ್ಲಿ ದಿವಾಳಿ ಅರ್ಜಿ ಹಾಕಿತು, ಇನ್ಫಿನಿಯಾ 2013ರಲ್ಲಿ. ಈಗ ಪ್ಯಾನೆಲ್ ಬೆಲೆ ವ್ಯಾಟಿಗೆ ಅರ್ಧ ಡಾಲರಿಗೂ ಕಡಿಮೆ. ಎಷ್ಟು ಅಗ್ಗ ಎಂದರೆ, ಪ್ಯಾನೆಲ್ ಕರೆಂಟಿನಿಂದಲೇ ಸ್ನಾನದ ನೀರು ಕಾಯಿಸುವವರೂ ಇದ್ದಾರೆ. ಬಿಸಿಯಿಂದ ಕರೆಂಟ್ ಮಾಡಲು ಹೊರಟ ಕಥೆ ತಲೆಕೆಳಗಾಯಿತು ನೋಡಿ.

ಬಿಸಿಯ ಪರ ಉಳಿದಿರುವ ಗಟ್ಟಿ ವಾದ ಒಂದೇ. ಬಿಸಿಯನ್ನು ಕೂಡಿಡುವುದು ಅಗ್ಗ. ಸ್ಪೇನಿನ ಹೆಮಾಸೊಲಾರ್ ಸ್ಥಾವರ 2011ರಿಂದ ಕರಗಿದ ಉಪ್ಪಿನಲ್ಲಿ 15 ಗಂಟೆಗಾಗುವಷ್ಟು ಬಿಸಿ ಹಿಡಿದಿಟ್ಟು ರಾತ್ರಿಯೂ ಕರೆಂಟ್ ಕೊಡುತ್ತದೆ. ಆದರೆ ಇಲ್ಲೂ ಮನೆಯ ಅಳತೆಯೇ ತೊಡಕು. ಲೋಟದ ನೀರು ಆರಿದಷ್ಟು ಬೇಗ ಹಂಡೆ ನೀರು ಆರುವುದಿಲ್ಲ. ಟ್ಯಾಂಕ್ ಸಣ್ಣದಾದಷ್ಟೂ ಒಳಗಿರುವ ಬಿಸಿಗೆ ಹೋಲಿಸಿದರೆ ಹೊರಮೈ ಜಾಸ್ತಿ, ಸೋರಿಕೆಯೂ ಜಾಸ್ತಿ. ಸಣ್ಣ ಟರ್ಬೈನ್‌ನದ್ದೂ ಇದೇ ಪಾಡು. ಬ್ಲೇಡಿನ ಸುತ್ತ ಬಿಡುವ ಸಂದಿಯನ್ನು ಯಂತ್ರ ಕುಗ್ಗಿದಷ್ಟೇ ಕುಗ್ಗಿಸಲು ಆಗುವುದಿಲ್ಲ. ಪಂಪು, ಬೇರಿಂಗ್ ತಿನ್ನುವ ಪಾಲು ಬೇರೆ.

ತಿರುಗುವ ಭಾಗವೇ ಇಲ್ಲದಂತೆ ಮಾಡಿದರೆ? ಎರಡು ಬಗೆಯ ಲೋಹ ಅಥವಾ ಅರೆವಾಹಕ (ಸೆಮಿಕಂಡಕ್ಟರ್) ಜೋಡಿಸಿ, ಒಂದು ತುದಿ ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ನೇರವಾಗಿ ಕರೆಂಟ್ ಹುಟ್ಟುತ್ತದೆ. 1821ರಲ್ಲಿ ವಿಜ್ಞಾನಿ ಸೀಬೆಕ್ ಕಂಡದ್ದು ಇದರ ಮೂಲ. ಸೌರಶಕ್ತಿ ಸಂಶೋಧಕಿ ಮರಿಯಾ ಟೆಲ್ಕೆಸ್ 1954ರಲ್ಲಿ ಇದನ್ನು ಬಿಸಿಲಿಗಿಟ್ಟಾಗ ಕನ್ನಡಿ ಇಲ್ಲದೆ ಶೇ 0.6, ಬಿಸಿಲನ್ನು 50 ಪಟ್ಟು ಒಟ್ಟುಗೂಡಿಸಿದಾಗ ಶೇ 3.35 ಸಿಕ್ಕಿತು. 2011ರಲ್ಲಿ ಅಮೆರಿಕದ ತಂಡವೊಂದು ನಿರ್ವಾತದ ಗಾಜಿನೊಳಗಿಟ್ಟು ಶೇ 4.6ಕ್ಕೆ ಏರಿಸಿತು. ರಿಪೇರಿ ಇಲ್ಲ, ಆದರೆ ಕರೆಂಟೂ ಸ್ವಲ್ಪವೇ. ಬಿಸಿನೀರಿನ ಜೊತೆಗೆ ಒಂದೆರಡು ಬಲ್ಬ್ ಉರಿಯಲಿ ಎನ್ನುವವರಿಗೆ ಇದು ಮರ್ಯಾದಸ್ಥ ದಾರಿ.

2022ರಲ್ಲಿ ಇನ್ನೊಂದು ಸುದ್ದಿ ಬಂತು. 1900ರಿಂದ 2400 ಡಿಗ್ರಿಗೆ ಕಾದ ವಸ್ತುವಿನಿಂದ ಹೊಮ್ಮುವ ಬೆಳಕನ್ನು ವಿಶೇಷ ಸೆಲ್‌ನಿಂದ ಹಿಡಿದು, ಶೇ 40ರಷ್ಟನ್ನು ಕರೆಂಟ್ ಮಾಡಿದ್ದಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಎನ್‌ಆರ್‌ಇಎಲ್ ಎಂಬ ಸರ್ಕಾರಿ ಇಂಧನ ಪ್ರಯೋಗಾಲಯದ ಸಂಶೋಧಕರು ವರದಿ ಮಾಡಿದರು. ಇದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಆದರೆ ಅಂಥ ಬಿಸಿಯನ್ನು ಮನೆ ಮೇಲಿನ ಪೆಟ್ಟಿಗೆಯಲ್ಲಿ ಇಡುವ ಯೋಚನೆ ಆ ಸಂಶೋಧಕರಿಗೂ ಇಲ್ಲ. ಅವರು ಲೆಕ್ಕ ಹಾಕುತ್ತಿರುವುದು ಗ್ರಿಡ್‌ಗೆ ಜೋಡಿಸುವ, ಬಿಸಿಯನ್ನು ಕೂಡಿಡುವ ಗೋದಾಮಿನಂಥ ಬ್ಯಾಟರಿಗೆ.